ಮೀನು ತಾಗಬಾರದ ದೋಣಿ

ಹೋದ ತಿಂಗಳು ಉಮರಗಾಕ್ಕೆ ಕಣ್ಣು ತೋರಿಸಿಕೊಳ್ಳಲು ಹೊರಟಿದ್ದೆ. ಯೆಣೆಗೂರಿನ ಹತ್ತಿರ ಧಾಬೆಯೊಂದರ ಮುಂದೆ ಬಸ್ಸು ನಿಂತಿತು. ಚಹಾಕ್ಕೆಂದು ಇಳಿದವನಿಗೆ ಮೊದಲು ಕಂಡದ್ದು ಒಂದು ದೋಣಿ. ನಗಬೇಡಿ, ಕಣ್ಣು ಅಷ್ಟೇನೂ ಕೆಟ್ಟಿಲ್ಲ. ಸುತ್ತ ತೊಗರಿ, ಸೋಯಾಬೀನ್, ಜೋಳದ ಹೊಲ. ಸಮುದ್ರವೆಂಬುದು ನಮ್ಮಲ್ಲಿ ಭೂಗೋಳದ ಪುಸ್ತಕದಲ್ಲಿ ಮಾತ್ರ ಇರುತ್ತದೆ. ಅಂಥ ಕಡೆ ನೀಲಿ-ಬಿಳಿ ಬಣ್ಣದ ದೋಣಿಯೊಂದನ್ನು ಸಿಮೆಂಟಿನ ಕಟ್ಟೆಯ ಮೇಲೆ ಕೂರಿಸಿ, ಒಳಗೆ ಮೇಜು ಹಾಕಿದ್ದರು. ಗಂಡ, ಹೆಂಡತಿ, ಇಬ್ಬರು ಮಕ್ಕಳು ಅದರಲ್ಲಿ ಕೂತು ಶೇವ್ ಭಾಜಿ ತಿನ್ನುತ್ತ ಫೋಟೊ ತೆಗೆದುಕೊಳ್ಳುತ್ತಿದ್ದರು.

"ಬರ್ರಿ ಸರ್, ಬೋಟಿನಾಗ ಕೂಡ್ರಿ. ಮುಂಬೈಗಿ ಹೋಗಿ ಬಂದಂಗ ಆಗ್ತದ," ಎಂದ ಧಾಬೆಯವ.

ಹತ್ತಿರ ಹೋದೆ. ಮೂತಿಯ ಬಳಿ ಅಂಗೈ ಅಗಲದ ತೇಪೆ ಇತ್ತು. ಅದನ್ನು ನೋಡಿದ್ದೇ ಗುರುತು ಹತ್ತಿತು. ಆ ದೋಣಿಯನ್ನು ಆರಿಸಿ ತಂದವರಲ್ಲಿ ನಾನೂ ಒಬ್ಬ. ಮೈಯೆಲ್ಲ ಉರಿಯಿತು. ಚಹಾ ಅರ್ಧಕ್ಕೇ ಬಿಟ್ಟು ಬಸ್ಸಿನಲ್ಲಿ ಬಂದು ಕೂತೆ. ಧಾಬೆಯವನ ಮೇಲೆ ಸಿಟ್ಟಲ್ಲ, ಆತ ಪಾಪ ಹರಾಜಿನಲ್ಲಿ ಕೊಂಡವನು. ಯಾರ ಮೇಲೆ ಸಿಟ್ಟು ಎಂದು ಹೇಳುತ್ತೇನೆ, ಸ್ವಲ್ಪ ತಾಳಿ. ನನ್ನ ಸರದಿಯೂ ಬರುತ್ತದೆ.

ದಾಳಿಂಬ ದಾಟಿ ಒಳದಾರಿ ಹಿಡಿದರೆ ನಮ್ಮೂರು. ಊರ ಹಳ್ಳಕ್ಕೆ ಒಡ್ಡು ಹಾಕಿ ತಲಾವು ಮಾಡಿದ್ದು ನಾನು ಹುಟ್ಟುವುದಕ್ಕಿಂತ ಮೊದಲು. ಹಳೆಯ ಮಹಾದೇವನ ಗುಡಿ ಆಗ ನೀರಿನೊಳಗೆ ಉಳಿಯಿತು, ಈಗ ಅದರ ಶಿಖರವಷ್ಟೇ ಕಾಣುತ್ತದೆ. ಈ ತಲಾವಿಗೆ ಎರಡು ಸ್ವಭಾವ. ಬೇಸಿಗೆಯಲ್ಲಿ ಈಚೆ ದಂಡೆಯ ನೀರು ಮೊಳಕಾಲಿಗೆ ಇಳಿದು, ಕೆಳಗೆ ಬರೀ ಕೆಸರು, ಜಾಲಿಯ ಬೊಡ್ಡೆಗಳು. ಗುಡಿಯ ಸುತ್ತ ಮಾತ್ರ ಆಳ. ಮೀನುಗಳೆಲ್ಲ ಅಲ್ಲಿಗೇ ಹೋಗಿ ಕೂಡುತ್ತವೆ. ಆಷಾಢ ಬಂತೆಂದರೆ ಒಡ್ಡಿನ ಕಡೆಯಿಂದ ಗಾಳಿ ಹೊಡೆದು, ಅದೇ ನೀರು ಎದ್ದೆದ್ದು ಬಡಿಯುತ್ತದೆ.

ಈ ಎರಡೂ ಕಾಲದಲ್ಲಿ ಆ ನೀರಿನ ಮೇಲೆ ಹೋಗಲೇಬೇಕಾದವಳು ಕಾಶಿಬಾಯಿ. ಮೀನು ಹಿಡಿಯುವ ಭೋಯಿಗಳ ಗಲ್ಲಿಯವಳು. ಗಂಡ ಮೀನು ಹೊತ್ತು ಉಮರಗಾದ ಪೇಟೆಗೆ ಹೋಗುತ್ತಿದ್ದ, ನೀರಿನ ಕೆಲಸ ಪೂರ್ತಿ ಇವಳದೇ. ಇವಳ ದೋಣಿ ಯಾವುದು ಗೊತ್ತೇ? ಕಬ್ಬಿನ ಹಾಲು ಕಾಯಿಸುವ ಕಡಾಯಿ. ಸಕ್ಕರೆ ಕಾರಖಾನೆಗಳು ಬಂದ ಮೇಲೆ ನಮ್ಮ ಕಡೆಯ ಬೆಲ್ಲದ ಗಾಣಗಳು ನಿಂತವು, ಅಗಲವಾದ ಕಬ್ಬಿಣದ ಕಡಾಯಿಗಳು ಗುಜರಿಗೆ ಹೋದವು. ಅಂಥದೊಂದನ್ನು ತಂದು, ತೂತು ಬೆಸೆಸಿ, ಒಂದೇ ಹುಟ್ಟಿನಿಂದ ನಡೆಸುತ್ತಿದ್ದಳು. ತಳ ಸಪಾಟಾದ್ದರಿಂದ ಗೇಣುದ್ದ ನೀರಿನಲ್ಲೂ ಅದು ಹೋಗುತ್ತಿತ್ತು. ಗಾಳಿ ಎದ್ದರೆ ಮಾತ್ರ ಗಿರಗಿರ ತಿರುಗಿ, ಅಂಚಿನ ಮೇಲಿಂದ ನೀರು ಒಳಗೆ ಬರುತ್ತಿತ್ತು. ಆಷಾಢದಲ್ಲಿ ಎಷ್ಟೋ ದಿನ ಅವಳ ಮನೆಯಲ್ಲಿ ಒಲೆ ಹೊತ್ತುವುದು ಆ ದಿನದ ಗಾಳಿಯ ಮೇಲೆ ನಿಂತಿರುತ್ತಿತ್ತು.

ಹೀಗಿರುವಾಗ, ಸರಕಾರದ ಮೀನುಗಾರರ ಯೋಜನೆಯಲ್ಲಿ ಕಾಶಿಬಾಯಿಯ ಹೆಸರಿಗೆ ಒಂದು ದೋಣಿ ಮಂಜೂರಾಯಿತು. ಆರಿಸಲು ತಲಾವಿನ ಸಮಿತಿ. ಸಮಿತಿಯ ಐದು ಜನರಲ್ಲಿ ಒಬ್ಬನಿಗೂ ಈಜು ಬರುತ್ತಿರಲಿಲ್ಲ. ನಾವು ಲಿಂಗ ಕಟ್ಟಿದವರು, ಮೀನು ಮುಟ್ಟುವುದಿರಲಿ, ಮೀನಿನ ಬುಟ್ಟಿ ಎದುರು ಬಂದರೆ ರಸ್ತೆಯ ಆಚೆ ಬದಿಗೆ ಹೋಗುವವರು. ಅಧ್ಯಕ್ಷರು ನಮ್ಮ ಬಸಲಿಂಗಪ್ಪ ಕಾಕಾ, ತಂದೆಯ ಕಿರಿಯ ತಮ್ಮ, ತೊಗರಿಯ ದೊಡ್ಡ ವ್ಯಾಪಾರಿ. ಕಾಳನ್ನು ಹಲ್ಲಿನಲ್ಲಿ ಕಡಿದು ಎಷ್ಟು ಹಸಿ ಇದೆಯೆಂದು ಹೇಳುವ ಮನುಷ್ಯ. ನನ್ನನ್ನು ಕಾರ್ಯದರ್ಶಿ ಮಾಡಿದ್ದು ಅಕ್ಷರ ಚೆನ್ನಾಗಿದೆ ಎಂಬ ಒಂದೇ ಕಾರಣಕ್ಕೆ. ಆಗ ನಾನು ಊರ ಶಾಲೆಯ ಮಾಸ್ತರ. ಹೆಮ್ಮೆಯಿಂದಲೇ ಒಪ್ಪಿಕೊಂಡಿದ್ದೆ.

ಉದಗೀರದ ಹೊರಗೆ ಫೈಬರಿನ ಬಾಗಿಲು, ನೀರಿನ ಟಾಕಿ, ಮಕ್ಕಳ ಜಾರುಬಂಡಿ, ಕೇಳಿದರೆ ದೋಣಿಯನ್ನೂ ಮಾಡಿಕೊಡುವ ಒಂದು ಶೆಡ್ಡು. ಜೀಪು ಮಾಡಿಕೊಂಡು ಹೋದೆವು. ಕಾಗದಕ್ಕೆ ಕಾಶಿಬಾಯಿಯ ಹೆಬ್ಬೆರಳ ಗುರುತು ಬೇಕಿತ್ತಾದ್ದರಿಂದ ಅವಳನ್ನೂ ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡಿದ್ದೆವು. ಶೆಡ್ಡಿನ ಅಂಗಳದಲ್ಲಿ ದೋಣಿಗಳು ಮಣ್ಣಿನ ಮೇಲೆ ಸಾಲಾಗಿ ಬಿದ್ದಿದ್ದವು. ಕಾಕಾ ಒಂದೊಂದನ್ನೂ ಬೆರಳ ಗೆಣ್ಣಿನಿಂದ ಟಕಟಕ ಬಡಿದು ಕಿವಿಗೊಟ್ಟು ಕೇಳಿದರು, ಸಂತೆಯಲ್ಲಿ ಗಡಿಗೆ ಕೊಳ್ಳುವಂತೆ. ಆಮೇಲೆ ಒಳಗೆ ಹತ್ತಿ ಕೂತು, ಅಲುಗಾಡಿ ನೋಡಿದರು. ಒಣ ನೆಲದ ಮೇಲೆ ದೋಣಿ ಅಲುಗಾಡುತ್ತದೆಯೇ? "ಭಾರೀ ಗಟ್ಟಿ ಅದ," ಎಂದು ನಾವೆಲ್ಲ ತಲೆಯಾಡಿಸಿದೆವು. ನಾನೂ ಆಡಿಸಿದೆ.

ಕಾಶಿಬಾಯಿ ಮಾತ್ರ ಕೂರಲಿಲ್ಲ. ಬಗ್ಗಿ ತಳ ನೋಡಿದಳು. ಮೂಲೆಯಲ್ಲಿದ್ದ ಬೂದು ಬಣ್ಣದ ಒಂದು ಚಪ್ಪಟೆ ದೋಣಿಯ ಹತ್ತಿರ ಹೋಗಿ, ಒಂದು ತುದಿ ಹಿಡಿದೆತ್ತಿ, ಎರಡು ಹೆಜ್ಜೆ ಎಳೆದು ನೋಡಿದಳು.

"ಮಾಲಕ್ರ, ಇದು ಛಲೋ ಅದ ನೋಡ್ರಿ. ತಳ ಸಪಾಟ್ ಅದ, ಕೆಸರಿನಾಗ ಸಿಗೂದಿಲ್ಲ. ಬಾಜು ಎತ್ತರ ಅವ, ಗಾಳ್ಯಾಗ ನೀರ್ ಒಳಗ ಬರೂದಿಲ್ಲ. ಮತ್ತ ನಾ ಒಬ್ಬಾಕೀನ ದಂಡಿಗಿ ಎಳ್ಕೋಬಹುದು."

ನೋಡಿ, ಮೊಳಕಾಲುದ್ದ ನೀರಿಗೂ ಎದ್ದು ಬಡಿಯುವ ನೀರಿಗೂ ಆಗಿಬರುವ ದೋಣಿಯನ್ನು ಹೇಗೆ ಆರಿಸಬೇಕು ಎಂಬುದಷ್ಟೂ ಈ ಮಾತಿನಲ್ಲಿ ಮುಗಿದಿತ್ತು. ಇಡೀ ಸಮಿತಿಯಲ್ಲಿ ಇದನ್ನು ತಿಳಿದವರು ಒಬ್ಬರೂ ಇರಲಿಲ್ಲ, ತಿಳಿದವಳು ಸಮಿತಿಯಲ್ಲಿ ಇರಲಿಲ್ಲ.

"ಆತವ್ವ, ಆತು. ನೀ ಅಲ್ಲಿ ನೆರಳಿಗಿ ಕೂಡು," ಎಂದರು ಕಾಕಾ.

ಕಾಕಾನ ಮನಸ್ಸು ಆಗಲೇ ನೀಲಿ-ಬಿಳಿ ದೋಣಿಯ ಮೇಲೆ ನಿಂತಿತ್ತು. ಚೂಪು ಮೂತಿ, ಹೊಟ್ಟೆ ಕೆಳಗಿಳಿದ ತಳ, ಒಳಗೆ ಮೆತ್ತನೆಯ ಬೆಂಚು, ಮೇಲೆ ಝಾಲರಿ ಬಿಟ್ಟ ಛತ್ತು. ಯಾಕೆ ಗೊತ್ತೇ? ಶ್ರಾವಣ ಸೋಮವಾರ ನೀರಿನೊಳಗಿನ ಮಹಾದೇವನ ಶಿಖರಕ್ಕೆ ಹೂವು ಏರಿಸಬೇಕೆಂಬುದು ನಮ್ಮ ಮನೆಗಳವರ ಬಹಳ ದಿನದ ಆಸೆ. ಹೆಂಗಸರು ಮಕ್ಕಳು ಬಿಸಿಲು ತಾಗದಂತೆ ಕೂತು ಹೋಗಬೇಕಲ್ಲ. ಮೀನುಗಾರರ ಹೆಸರಿನಲ್ಲಿ ಬಂದ ದೋಣಿಯನ್ನು ನಾವು ನಮ್ಮ ದರ್ಶನಕ್ಕೆ ಆರಿಸಿದೆವು. ಇಷ್ಟು ಸ್ಪಷ್ಟವಾಗಿ ಯಾರೂ ಅಲ್ಲಿ ಬಾಯಿಬಿಟ್ಟು ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ಕಾಶಿಬಾಯಿಯ ಹೆಬ್ಬೆರಳಿಗೆ ಮಸಿ ಹಚ್ಚಿದವನು ನಾನೇ.

ದೋಣಿ ಊರಿಗೆ ಬಂದ ದಿನ ವಿಭೂತಿ ಹಚ್ಚಿ, ಕಾಯಿ ಒಡೆದರು. ದೋಣಿಗೆ ನಮ್ಮ ಕಡೆ ಹೋಡಿ ಎನ್ನುತ್ತಾರೆ. ಎಲ್ಲರೆದುರು ಕಾಕಾ ಹೇಳಿದ ಮಾತು ನನಗೆ ಇವತ್ತಿಗೂ ನೆನಪಿದೆ.

"ಹೋಡಿ ನಿಂದ ಅದ ಕಾಶಿಬಾಯಿ. ಖರೆ, ದೇವರ ದರ್ಶನಕ್ಕ ಹೋಗೂದೂ ಇದರಾಗ. ಮೀನ ಬುಟ್ಟ್ಯಾಗೇ ಇಟ್ಕೊ. ಹೋಡಿಗಿ ತಾಗಬಾರದು."

ಕಾಶಿಬಾಯಿ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡಳು. "ಆತ್ರಿ ಮಾಲಕ್ರ. ಮೀನಕ್ಕ ಹೇಳ್ತೀನಿ, ಹೋಡಿಗಿ ತಾಗಬ್ಯಾಡ್ರೆಪ್ಪಾ ಅಂತ."

ಜನ ನಕ್ಕರು. ಕಾಕಾ ಕೂಡ ನಕ್ಕರು, ಅವರಿಗೆ ಅದು ಒಪ್ಪಿಗೆಯಂತೆ ಕೇಳಿಸಿತ್ತು. ಮೀನು ತಾಗಬಾರದ ಮೀನುಗಾರಿಕೆಯ ದೋಣಿ! ಭೂಮಿಯ ಮೇಲೆ ಬೇರೆ ಎಲ್ಲಾದರೂ ಇಂಥದು ಇದ್ದರೆ ನನಗೆ ತಿಳಿಸಿ, ಅಲ್ಲಿಯ ಸಮಿತಿಯವರಿಗೊಂದು ಶಾಲು ಹೊದಿಸಿ ಬರುತ್ತೇನೆ.

ಬೇಸಿಗೆಯಲ್ಲಿ ಆ ದೋಣಿ ದಂಡೆಯಿಂದ ಹತ್ತು ಮಾರು ಹೋಗುವಷ್ಟರಲ್ಲಿ ಕೆಸರಿನಲ್ಲಿ ಹೊಟ್ಟೆಯೂರಿ ಕೂತುಬಿಡುತ್ತಿತ್ತು. ಒಮ್ಮೆ ಜಾಲಿಯ ಬೊಡ್ಡೆ ತಾಗಿ ಮೂತಿ ಸೀಳಿತು. ಧಾಬೆಯಲ್ಲಿ ನಾನು ನೋಡಿದ ತೇಪೆ ಆಗ ಹಾಕಿಸಿದ್ದು. ನಾಲ್ಕು ಗಂಡಸರು ಸೇರಿ ತಳ್ಳದೆ ಅದು ಅಲುಗುತ್ತಿರಲಿಲ್ಲ. ನಾಲ್ಕು ಗಂಡಸರು ದಿನಾ ಎಲ್ಲಿಂದ ಬರಬೇಕು? ಅವಳು ಸುಮ್ಮನೆ ಕಡಾಯಿ ತೆಗೆದುಕೊಂಡು ಗುಡಿಯ ಕಡೆ ಹೋಗುತ್ತಿದ್ದಳು. "ಕೊಟ್ಟ ಹೋಡಿ ಬಿಟ್ಟು ಕಡಾಯ್ಯಾಗ ಹೋಗ್ತಾಳ ನೋಡ್ರಿ, ಕೊಟ್ಟದ್ದರ ಕಿಮ್ಮತ್ತೇ ಇಲ್ಲ," ಎಂದು ಕಾಕಾ ಕಟ್ಟೆಯ ಮೇಲೆ ಕೂತು ಆಡಿಕೊಂಡರು. ಮಾತು ಅವಳ ಕಿವಿಗೂ ಬಿತ್ತು.

ಆಷಾಢದಲ್ಲಿ ನೀರು ತುಂಬಿತು. ಆ ಮಾತಿಗೆ ಹೆದರಿಯೋ ಏನೋ, ಅವಳು ಬಲೆಗಳನ್ನೆಲ್ಲ ಆ ದೋಣಿಗೆ ಹೇರಿಕೊಂಡು ಹೊರಟಳು. ನಡುನೀರಿನಲ್ಲಿ ಗಾಳಿ ಎದ್ದಿತು. ಛತ್ತು ಗಾಳಿಯನ್ನು ತಡೆದು ಹಿಡಿಯಿತು. ಛತ್ತು ಹಿಡಿದ ಗಾಳಿ ದೋಣಿಯನ್ನು ಬಿಡುತ್ತದೆಯೇ? ಒಂದೇ ಏಟಿಗೆ ಮಗುಚಿತು. ಅವಳು ಮಹಾದೇವನ ಶಿಖರವನ್ನು ತಬ್ಬಿಕೊಂಡು, ಗಾಳಿ ಇಳಿಯುವವರೆಗೆ ಮಧ್ಯಾಹ್ನವೆಲ್ಲ ನೀರಿನಲ್ಲಿ ನಿಂತಿದ್ದಳು. ಜೀವ ಉಳಿಯಿತು. ಕೈಯಾರೆ ಹೆಣೆದ ಬಲೆಗಳು ಒಂದೂ ಉಳಿಯಲಿಲ್ಲ.

ಈಗ ನನ್ನ ಸರದಿ.

ಮೂರನೆಯ ದಿನ ಕಾಕಾ ಕರೆಸಿದರು. ಮೇಲಿನವರಿಗೆ ವರದಿ ಕಳಿಸಬೇಕಿತ್ತು. "ಮಾಸ್ತರಾ, ಬರಿ. ಹೋಡಿದು ತಪ್ಪಿಲ್ಲ, ಆಕೀಗಿ ನಡಸಾಕ ಬರೂದಿಲ್ಲ ಅಂತ ಬರಿ." ನಾನು ನನ್ನ ಮುದ್ದಾದ ಅಕ್ಷರದಲ್ಲಿ, ನಮ್ಮ ಕಡೆಯ ಕಚೇರಿಗಳಿಗೆ ಬೇಕಾದ ಶುದ್ಧ ಮರಾಠಿಯಲ್ಲಿ, ಫಲಾನುಭವಿಗೆ ದೋಣಿ ನಡೆಸುವ ಜ್ಞಾನ ಇಲ್ಲ ಎಂದು ಬರೆದು ಸಹಿ ಹಾಕಿದೆ. ಬೆಲ್ಲದ ಕಡಾಯಿಯನ್ನು ಒಂದು ಹುಟ್ಟಿನಲ್ಲಿ ತಲಾವು ದಾಟಿಸುವವಳಿಗೆ ಜ್ಞಾನ ಇಲ್ಲ! ಬರೆದವನಿಗೆ ಹಿತ್ತಲಿನ ನೀರಿನ ತೊಟ್ಟಿಗೆ ಇಳಿಯುವಾಗ ಕೂಡ ಕಾಲು ನಡುಗುತ್ತದೆ.

ಆ ಒಂದು ಸಾಲಿನಿಂದ ಅವಳ ಹೆಸರು ಮೀನುಗಾರರ ಯಾದಿಯಿಂದ ಹೋಯಿತು. ದಂಡೆಗೆ ಎಳೆದು ತಂದ ದೋಣಿ ಸಮಿತಿಯ ವಶಕ್ಕೆ ಬಂತು. ಆ ಶ್ರಾವಣದ ನಾಲ್ಕೂ ಸೋಮವಾರ ಗಾಳಿ ಬೀಸಲಿಲ್ಲ, ನಾವು ಬೆಂಚಿನ ಮೇಲೆ ಕೂತು ಶಿಖರಕ್ಕೆ ಹೂವು ಏರಿಸಿ ಬಂದೆವು. ಅವಳು ಅಪ್ಪಿಕೊಂಡು ಜೀವ ಉಳಿಸಿಕೊಂಡ ಅದೇ ಶಿಖರಕ್ಕೆ! ಒಂದು ಸೋಮವಾರ ಅವಳ ಕಡಾಯಿ ಎದುರಿಗೆ ಬಂತು. ನಮಗೆ ಮೀನಿನ ವಾಸನೆ ಬಾರದಿರಲೆಂದು ಅವಳೇ ದೂರ ಸರಿದು ಹೋದಳು. ನಾನು ಛತ್ತಿನ ಝಾಲರಿ ನೋಡುತ್ತ ಕೂತೆ. ಮುಂದೆ ಕೆಲವು ವರ್ಷಕ್ಕೆ ದೋಣಿ ಸೋರತೊಡಗಿತು, ಹರಾಜಾಯಿತು, ನಾನೂ ನಿವೃತ್ತನಾದೆ, ಎಲ್ಲ ಮರೆತೆ. ಮರೆಯುವುದರಲ್ಲಿ ನಮ್ಮಂಥವರು ಬಹಳ ಜಾಣರು.

ಧಾಬೆಯಲ್ಲಿ ನೋಡಿ ಬಂದ ವಾರವೇ ಫೋನಿಗೆ ನೋಟೀಸು ಬಂತು. ಹೊಸ ದೋಣಿ ಮಂಜೂರಾಗಿದೆಯಂತೆ, ಆರಿಸಲು ಸಭೆಯಂತೆ, ಅನುಭವಿಗಳೆಂದು ಹಳಬರನ್ನೂ ಕರೆದಿದ್ದರು. ಜೊತೆಗೆ ಯಾದಿ. ಭೋಯಿ ಗಲ್ಲಿಯ ಎಲ್ಲರ ಹೆಸರೂ ಅದರಲ್ಲಿದ್ದವು, ಕಾಶಿಬಾಯಿಯದು ಇರಲಿಲ್ಲ. ಈಗಿನ ಸಮಿತಿಯವರನ್ನು ಕೇಳಿದರೆ, "ಹಳೇ ರಿಪೋರ್ಟ್ ಅದಲ್ರಿ ಗುರೂಜಿ, ನೀವೇ ಬರದದ್ದು," ಎಂದರು.

ಆವತ್ತೇ ಕೂತು ಬರೆದೆ. ಆಗ ಬರೆದದ್ದು ಸುಳ್ಳು, ಅವಳು ಸರಿಯಾದ ದೋಣಿ ತೋರಿಸಿದ್ದಳು, ನಾವು ಕೇಳಲಿಲ್ಲ, ಜ್ಞಾನ ಇಲ್ಲದ್ದು ನಮಗೆ. ಸಹಿ ಮಾಡಿ, ಮರುದಿನ ಬೆಳಿಗ್ಗೆ ತಲಾವಿನ ದಂಡೆಗೆ ಹೋದೆ. ಕಾಶಿಬಾಯಿ ಕಡಾಯಿ ಬೋರಲು ಹಾಕಿ ತಳ ಉಜ್ಜುತ್ತಿದ್ದಳು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ನಿಂತುಕೊಂಡೇ ಓದಿ ಹೇಳಿದೆ, ಓದಿದ ಮೇಲೆ ಕಾಗದವನ್ನು ಅವಳ ಮುಂದೆ ಚಾಚಿದೆ. ಅವಳು ಅಳುತ್ತಾಳೆ, ನನಗೆ ಕೈ ಮುಗಿಯುತ್ತಾಳೆ ಎಂದು ಒಳಗೊಳಗೇ ಲೆಕ್ಕ ಹಾಕಿದ್ದೆನೋ ಏನೋ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಅವಳು ಕೈ ಒರೆಸಿಕೊಳ್ಳಲೂ ಇಲ್ಲ.

"ಇದು ನನಗ್ಯಾಕ್ರಿ ಗುರೂಜಿ? ನನಗ ಹೋಡಿ ನಡಸಾಕ ಬರ್ತದ ಅಂತ ನನಗ ಗೊತ್ತದ. ಯಾರಿಗಿ ಗೊತ್ತಿಲ್ಲ, ಅವರಿಗಿ ಓದಿ ಹೇಳ್ರಿ."

"ಸಭಾಕ್ಕ ನೀನೂ ಬಾ," ಎಂದೆ.

"ಬರ್ತೀನಿ. ನೀವು ಓದೂದು ಕೇಳಾಕ ಬರ್ತೀನಿ. ಆಗ ಬರಿಬೇಕಾದ್ರ ಯಾರಿಗಿ ಅಂಜಿದ್ರಿ, ಅಂವಾ ಇರ್ತಾನಲ್ಲ?"

ಇರುತ್ತಾರೆ ಎಂದೆ. ಕಾಕಾನಿಗೆ ಎಂಬತ್ತು ದಾಟಿದೆ, ಆದರೂ ಯಾವ ಸಭೆ ತಪ್ಪಿಸುವುದಿಲ್ಲ.

ಸಭೆ ಮೊನ್ನೆ ಆಯಿತು. ಕಾಕಾ ಮೊದಲ ಸಾಲಿನಲ್ಲಿ, ನಡುವಿನ ಕುರ್ಚಿಯಲ್ಲಿ ಕೂತಿದ್ದರು. ಮೇಜಿನ ಮೇಲೆ ಬಣ್ಣದ ಚಿತ್ರಗಳಿದ್ದವು. ಮತ್ತೆ ಚೂಪು ಮೂತಿ, ಮತ್ತೆ ಛತ್ತು. ಕಾಶಿಬಾಯಿ ಬಾಗಿಲ ಹೊರಗೆ, ಚಪ್ಪಲಿಗಳ ಹತ್ತಿರ ನಿಂತಿದ್ದಳು. ನಾನು ಎದ್ದು ಕಾಗದ ಬಿಚ್ಚಿ ಎರಡು ಸಾಲು ಓದುವಷ್ಟರಲ್ಲಿ ಕಾಕಾ ಕೈ ಎತ್ತಿದರು.

"ಮಾಸ್ತರಾ, ಕೂಡು. ಹಳೀದೆಲ್ಲ ಯಾಕ ತಗೀತಿ?"

ಅರವತ್ತೈದು ವರ್ಷದಲ್ಲಿ ಆ ಮನುಷ್ಯ ಕೂಡು ಎಂದಾಗಲೆಲ್ಲ ನಾನು ಕೂತಿದ್ದೇನೆ.

"ಇಲ್ಲ ಕಾಕಾ, ಕೂಡೂದಿಲ್ಲ," ಎಂದೆ. ಕೊನೆಯವರೆಗೆ ಓದಿದೆ.

ಕಾಕಾನಿಗೆ ಈಗ ಕಿವಿ ಮಂದ. "ಏನಂದಿ?" ಎಂದು ಕೇಳಿದರು. ಖರೇನೇ ಕೇಳಿಸಲಿಲ್ಲವೋ, ನನಗೆ ನುಂಗಿಕೊಳ್ಳಲು ಒಂದು ಅವಕಾಶ ಕೊಟ್ಟರೋ, ಗೊತ್ತಿಲ್ಲ. ನಾನು ಮೊದಲಿನಿಂದ, ಬಾಗಿಲ ಹೊರಗೆ ನಿಂತವರಿಗೂ ಕೇಳುವಷ್ಟು ಜೋರಾಗಿ, ಇನ್ನೊಂದು ಸಲ ಓದಿದೆ.

ಓದು ಮುಗಿದ ಮೇಲೆ ಕಾಶಿಬಾಯಿ ಒಳಗೆ ಬಂದಳು. ಕಾಕಾನ ಪಕ್ಕದ ಕುರ್ಚಿ ಖಾಲಿ ಇತ್ತು. ಅದನ್ನು ಮೇಜಿನ ಹತ್ತಿರ ಎಳೆದುಕೊಂಡು ಕೂತು, ಆ ಬಣ್ಣದ ಚಿತ್ರಗಳನ್ನು ಒಂದು ಕಡೆ ಸರಿಸಿದಳು.

"ಹಾಂ, ಈಗ ಹೋಡಿ ಮಾತ ಆಡೂಣ್ರಿ," ಎಂದಳು.