ಖಾರದ ಪುಡಿ ಎರಚಿದ ಪೈಲ್ವಾನ

ಕೊಪ್ಪದ ಬಸ್‌ಸ್ಟ್ಯಾಂಡಿನಲ್ಲಿ ಪಕ್ಕ ಕೂತಿದ್ದ ಹಿರಿಯರೊಬ್ಬರು ಮಂಡಿಗೆ ನೋವಿನೆಣ್ಣೆ ತಿಕ್ಕಿಕೊಳ್ಳುತ್ತಿದ್ದರು. ಆ ವಾಸನೆಗೇ ನನಗೆ ನಮ್ಮ ಹಳೆಯ ಕುಸ್ತಿ ನಾಟಕದ ನೆನಪಾಯಿತು. ಅಷ್ಟರಲ್ಲಿ ಅವರೇ ನನ್ನ ಗುರುತು ಹಿಡಿದರು. "ನೀವು ಆ ನಾಟಕದ ಪೈಲ್ವಾನ್ರಲ್ವಾ? ನಿಮಗೆ ಮೋಸ ಮಾಡಿದ ಶೇಷಪ್ಪ ಈಗ ಎಲ್ಲಿದ್ದಾನೆ ಮಾರಾಯ್ರೆ?"

ನೋಡಿ, ಮೂವತ್ತು ವರ್ಷವಾದರೂ ಈ ಜನಕ್ಕೆ ಬುದ್ಧಿ ಬಂದಿಲ್ಲ!

ಯಾರು ಬರೆದದ್ದೋ, ರಟ್ಟು ಹರಿದುಹೋದ ಒಂದು ನಾಟಕ ಕೊಪ್ಪದ ಹತ್ತಿರದ ನಮ್ಮೂರು ನಾರ್ವೆಯ ಗೆಳೆಯರ ಕೈಗೆ ಸಿಕ್ಕಿತ್ತು. ಒಂದೇ ಗರಡಿಯ ಇಬ್ಬರು ಸ್ನೇಹಿತರ ಕಥೆ. ಪಕ್ಕೆಲುಬು ಎಣಿಸುವಂತಿದ್ದ ನಾನು ಎಣ್ಣೆ ಬಳಿದುಕೊಂಡು ಒಬ್ಬ ಪೈಲ್ವಾನನಾದೆ. ನನ್ನ ಜೀವದ ಗೆಳೆಯ ಶೇಷಪ್ಪ ಇನ್ನೊಬ್ಬ. ಕುಸ್ತಿಗೆ ಮುಂಚೆ ಒಬ್ಬರ ಹೆಗಲಿಗೊಬ್ಬರು ಅಖಾಡದ ಮಣ್ಣು ಹಚ್ಚುವುದು ಪದ್ಧತಿ. ಅವನು ಆ ಮಣ್ಣಿನಲ್ಲಿ ಖಾರದ ಪುಡಿ ಬೆರೆಸಿ ನನ್ನ ಕಣ್ಣಿಗೆ ಎರಚಬೇಕು. ನಿಜಕ್ಕೂ ಎರಚಿದ್ದು ಕುಂಕುಮ. ಶೃಂಗೇರಿಯಲ್ಲಿ ಆಡಿದಾಗ ಅವನ ಮೇಲೆ ಚಪ್ಪಲಿ ಬಿದ್ದವು, ನನಗೆ ಹೆಂಗಸರು ಕಣ್ಣಿಗೆ ಹಾಕಿಕೊಳ್ಳಲು ಎಳನೀರು ಕಳಿಸಿದರು. ನಾನೂ ಪಾಪದ ಮುಖ ಮಾಡಿಕೊಂಡು ಕುಡಿದೆ!

ಮುಂದಿನ ವಾರ ನರಸಿಂಹರಾಜಪುರದಿಂದ ಒಬ್ಬರು ನಮ್ಮ ಮನೆಗೆ ಬಂದರು. ಅವರ ಮಗಳಿಗೂ ಶೇಷಪ್ಪನಿಗೂ ಮದುವೆಯ ಮಾತುಕತೆ ನಡೆದಿತ್ತು. ಅವರೂ ನಾಟಕ ನೋಡಿದ್ದರು.

"ಹುಡುಗ ಹೇಗೆ? ನೀವೇ ಹೇಳ್ಬೇಕು."

"ನನ್ನ ಕಣ್ಣಿಗೆ ಖಾರ ಹಾಕಿದ್ದು ನೋಡಿದ್ರಲ್ಲ, ಇನ್ನೆಂತ ಹೇಳೋದು?" ಎಂದು ನಕ್ಕೆ.

ತಮಾಷೆಗೆ ಅಂದದ್ದು. ಅವರು ನಗಲಿಲ್ಲ. ಅದು ಕಂಡಿತ್ತು ನನಗೆ. ಆದರೂ ಹುಡುಗ ಒಳ್ಳೆಯವನೆಂದು ಒಂದು ಮಾತು ಸೇರಿಸಲಿಲ್ಲ. ಎಲ್ಲರೂ ನನ್ನನ್ನು ಒಳ್ಳೆಯವನೆನ್ನುವುದು ಅಷ್ಟು ಹಿತವಾಗಿತ್ತು. ಸಂಬಂಧ ಮುರಿಯಿತು. ಶೇಷಪ್ಪನಿಗೆ ಆ ಹುಡುಗಿ ಇಷ್ಟವಾಗಿದ್ದಳೆಂದು ನನ್ನೊಬ್ಬನಿಗೇ ಗೊತ್ತಿತ್ತು. ಅವನು ಮತ್ತೆ ಬಣ್ಣ ಹಚ್ಚಲಿಲ್ಲ, ನಮ್ಮ ಮನೆಗೂ ಬರಲಿಲ್ಲ. ಇಷ್ಟು ವರ್ಷ ನಾನು ಬೈದದ್ದು ಆ ಪೆದ್ದ ಪ್ರೇಕ್ಷಕರನ್ನು. ನನಗೆಂಥ ನಾಚಿಕೆಗೆಟ್ಟ ಧೈರ್ಯ!

"ಮೋಸ ಮಾಡಿದ್ದು ಅವನಲ್ಲ," ಎಂದೆ, ಸುತ್ತಲಿದ್ದವರು ತಿರುಗಿ ನೋಡುವಷ್ಟು ಜೋರಾಗಿ. "ನಾನು! ನನ್ನ ಮಾತಿಂದ ಅವನ ಮದುವೆ ಮುರೀತು."

ಹಿರಿಯರು ಎಣ್ಣೆಗೈಯಲ್ಲೇ ನನಗೆ ನಮಸ್ಕರಿಸಿದರು.

"ಎಂಥಾ ದೊಡ್ಡ ಮನಸ್ಸು ಮಾರಾಯ್ರೆ ನಿಮ್ದು! ಅಂಥವನನ್ನೂ ಬಿಟ್ಟುಕೊಡಲ್ಲ ನೀವು."