ಭಾನುವಾರದ ಗುಡ್ಡಗಳು

ಓಡುವುದು ನನ್ನ ಜಾಯಮಾನವಲ್ಲ. ಹುಬ್ಬಳ್ಳಿಯಲ್ಲಿದ್ದಾಗ ಕಣ್ಣೆದುರೇ ಬಸ್ಸು ಹೊರಟರೂ ಇನ್ನೊಂದು ಬರುತ್ತದೆ ಬಿಡು ಎಂದು ನಿಂತವನು. ಅಂಥವನು ಕಾಶಿಗೆ ಬಂದು, ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರ ಕಲಿಸುತ್ತ, ಒಂದು ಚಳಿಗಾಲವಿಡೀ ಭಾನುವಾರಕ್ಕೊಂದು ಗುಡ್ಡ ಹತ್ತಿ ಓಡಿದೆನೆಂದರೆ ಅದು ಹೆಂಡತಿಗಾಗಿ.

ಎರಡು ಸಾವಿರದ ಇಸವಿಯ ಆಚೀಚಿನ ವರ್ಷಗಳು. ಆ ಚಳಿಗಾಲಕ್ಕೆ ಮುಂಚಿನ ಬೇಸಿಗೆಯಲ್ಲಿ ನಮ್ಮ ಮಗು ಹೊಟ್ಟೆಯಲ್ಲೇ ತೀರಿಕೊಂಡಿತ್ತು. ತಿಂಗಳು ತುಂಬಿತ್ತು. ಹೆಣ್ಣು ಮಗು. ತೊಟ್ಟಿಲಿಗೆ ಹಾಕದ ಕೂಸಿಗೆ ಹೆಸರಿಲ್ಲ, ಹೆಸರಿಲ್ಲದ ಮೇಲೆ ತಿಥಿ ಕರ್ಮವೂ ಇಲ್ಲ ಎಂದು ಊರಿನ ಹಿರಿಯರು ಫೋನಿನಲ್ಲೇ ಮಾತು ಮುಗಿಸಿದರು. ಇವಳು ಅಳಲಿಲ್ಲ. ರಜೆ ಮುಗಿಸಿ ಆಸ್ಪತ್ರೆಯ ಲ್ಯಾಬಿನ ಕೆಲಸಕ್ಕೆ ಹೋದಳು, ಬಂದಳು, ರೊಟ್ಟಿ ಬಡಿದಳು. ಮಗುವಿನ ಮಾತನ್ನು ಮಾತ್ರ ಒಂದು ಸಲವೂ ಆಡಲಿಲ್ಲ. ಒಮ್ಮೆ ಬಾಯಿಬಿಟ್ಟು ಅತ್ತುಬಿಡಲಿ ಎಂದು ನಾನು ಕಂಡ ಕಂಡ ದೇವರಿಗೆಲ್ಲ ಕೈ ಮುಗಿಯುತ್ತಿದ್ದೆ. ಕಾಶಿಯಲ್ಲಿ ದೇವರಿಗೇನು ಬರವೆ?

ಓಟದ ಸುದ್ದಿ ತಂದವಳು ಅವಳೇ. ನದಿಯಾಚೆ ದಕ್ಷಿಣಕ್ಕೆ ವಿಂಧ್ಯದ ಗುಡ್ಡಗಳು ಶುರುವಾಗುವ ಊರುಗಳಲ್ಲಿ ಫೌಜಿಗೆ, ಅಂದರೆ ಸೈನ್ಯಕ್ಕೆ, ಸೇರಬಯಸುವ ಹುಡುಗರು ದಿನಾ ಓಡುತ್ತಾರೆ, ಭಾನುವಾರ ಊರಿಗೆ ಊರೇ ಅವರ ಜೊತೆ ಓಡುತ್ತದೆ, ಯಾರು ಬೇಕಾದರೂ ಹೋಗಬಹುದು ಎಂದು ಲ್ಯಾಬಿನಲ್ಲಿ ಯಾರೋ ಹೇಳಿದ್ದರಂತೆ.

"ಹೋಗೂಣೇನ್ರೀ?" ಎಂದಳು. ಬೇಸಿಗೆಯ ನಂತರ ಅವಳು ಏನನ್ನಾದರೂ ಬೇಕೆಂದದ್ದು ಅದೇ ಮೊದಲು. ನಾನು ನನ್ನ ಬೊಜ್ಜು ಸವರಿಕೊಂಡು "ಹೂಂ, ನಡಿ" ಎಂದೆ.

ಸ್ಕೂಟರಿನಲ್ಲಿ ಗಂಗೆಯ ಮೇಲೆ ಪೀಪಾಯಿ ತೇಲಿಬಿಟ್ಟು ಕಟ್ಟಿದ ಸೇತುವೆ ದಾಟಿ, ರಾಮನಗರ ಹಿಂದೆ ಹಾಕಿ, ಮೊದಲು ಹೋದದ್ದು ಚುನಾರ ಕಡೆಯ ಒಂದು ಊರಿಗೆ. ಅಲ್ಲಿ ಶಾಲೆಯ ಜಗಲಿಯಲ್ಲಿ ಪರಾತದ ತುಂಬ ನೆನೆಸಿದ ಕಡಲೆ, ಬೆಲ್ಲ ಇಟ್ಟಿದ್ದರು. ಎದುರಿಗಿಟ್ಟದ್ದನ್ನು ಬೇಡವೆಂದರೆ ಇಟ್ಟವರಿಗೆ ಅವಮಾನ ಎಂದು ಬೆಳೆದವನು ನಾನು. ಎರಡು ಬೊಗಸೆ ತಿಂದೆ. ಅದು ಓಡಿ ಬಂದವರಿಗೆಂದು ಇಟ್ಟದ್ದು ಎಂದು ತಿಳಿದದ್ದು ಅರ್ಧ ಗುಡ್ಡದಲ್ಲಿ, ಪಕ್ಕೆ ಹಿಡಿದುಕೊಂಡು ಕೂತಾಗ. "ಗುರುಜೀ ಪಹಿಲೇ ಪರಸಾದ್ ಪಾ ಗಯೇ!" ಮೇಷ್ಟ್ರು ಮೊದಲೇ ಪ್ರಸಾದ ಮುಗಿಸಿಬಿಟ್ಟರು ಎಂದು ಹುಡುಗರು ನಕ್ಕರು. ಇವಳೂ ನಕ್ಕಳು. ಆ ನಗುವಿಗಾಗಿ ಇನ್ನೆರಡು ಬೊಗಸೆ ತಿನ್ನಲು ನಾನು ತಯಾರಿದ್ದೆ.

ಮುಂದಿನ ವಾರ ಚಕಿಯಾ ಕಡೆ. ಅಲ್ಲಿ ಕೊನೆಯವನು ಬರುವವರೆಗೆ ಯಾರೂ ಇಳಿಯುವಂತಿಲ್ಲ. ಗುಡ್ಡದ ನೆತ್ತಿಯಲ್ಲಿ ಇಡೀ ಊರು ಸೊಂಟಕ್ಕೆ ಕೈಯಿಟ್ಟು ನನಗಾಗಿ ಕಾದು ನಿಂತದ್ದನ್ನು ಈಗ ನೆನೆದರೂ ನಾಚಿಕೆಯಾಗುತ್ತದೆ. ಇನ್ನೊಂದೂರಲ್ಲಿ ಓಟ ಮುಗಿದ ಮೇಲೆ ಹೆಂಗಸರು ಇವಳನ್ನು ಒಳಗೆ ಕರೆದು ಪಾದಕ್ಕೆ ಸಾಸಿವೆ ಎಣ್ಣೆ ತಿಕ್ಕಿದರು. ಮಕ್ಕಳೆಷ್ಟು ಎಂದು ಕೇಳಿದರಂತೆ. ಅವರಿಗೆ ಏನೆಂದಳೋ ಇವಳು ನನಗೆ ಹೇಳಲಿಲ್ಲ, ನಾನೂ ಕೇಳುವ ಧೈರ್ಯ ಮಾಡಲಿಲ್ಲ. ಸ್ಕೂಟರಿನಲ್ಲಿ ಮರಳುವ ದಾರಿಯುದ್ದಕ್ಕೂ ನನ್ನ ಬೆನ್ನಿಗೆ ಒರಗಿ ಕೂತಿದ್ದಳು.

ಅಹರೌರಾ ಕಡೆಯ ಊರಿಗೆ ಹೋಗುವ ಹೊತ್ತಿಗೆ ಚಳಿ ಮುಗಿಯುತ್ತ ಬಂದು ಸಾಸಿವೆ ಹೊಲ ಕಾಯಿ ಕಟ್ಟಿತ್ತು. ಅಲ್ಲಿ ಓಟ ನಡೆಸುತ್ತಿದ್ದವರು ಫೌಜಿನಿಂದ ನಿವೃತ್ತರಾದ ಒಬ್ಬ ಹಿರಿಯರು. ಅವರದೊಂದು ಪದ್ಧತಿ: ಹೊರಡುವ ಮುಂಚೆ ಪ್ರತಿಯೊಬ್ಬರೂ ಯಾರ ಹೆಸರಿನಲ್ಲಿ ಓಡುತ್ತೇವೆಂದು ಗಟ್ಟಿಯಾಗಿ ಹೇಳಬೇಕು, ಉಳಿದವರೆಲ್ಲ ಆ ಹೆಸರನ್ನು ಒಮ್ಮೆ ಕೂಗಬೇಕು. ಹುಡುಗರು ಅಪ್ಪನ ಹೆಸರು, ತೀರಿಹೋದ ಅಜ್ಜನ ಹೆಸರು ಹೇಳಿದರು. ಒಬ್ಬ ತನ್ನ ಎಮ್ಮೆಯ ಹೆಸರು ಹೇಳಿದ, ಅದನ್ನೂ ಕೂಗಿದೆವು. ನಾನು ಅವ್ವನ ಹೆಸರು ಹೇಳಿದೆ.

"ಔರ್ ತೂ ಬಿಟಿಯಾ? ಕೇಕರೇ ನಾಮ್ ಪರ್?" ನೀನು ಯಾರ ಹೆಸರಿನಲ್ಲಿ ಮಗಳೇ ಎಂದು ಹಿರಿಯರು ಇವಳ ಕಡೆ ತಿರುಗಿದರು.

"ಬ್ಯಾಡಾದ್ರ ಬಿಡು, ಮನಿಗೆ ಹೋಗೂಣು" ಎಂದು ಪಿಸುಗುಟ್ಟಿದೆ. ಅವಳು ನನ್ನತ್ತ ನೋಡದೆ ಒಂದು ಹೆಸರು ಹೇಳಿದಳು. ಪುಟ್ಟ ಹೆಸರು. ನಮ್ಮವರಲ್ಲೂ ಅವಳ ತವರಿನವರಲ್ಲೂ ಆ ಹೆಸರಿನವರು ಯಾರೂ ಇಲ್ಲ.

"ಈ ಕೌನ್ ಹೈ?" ಇದು ಯಾರು ಎಂದರು ಹಿರಿಯರು.

"ಮೇರಿ ಬೇಟಿ."

ಹಿರಿಯರು ಅವಳ ಮುಖವನ್ನೊಮ್ಮೆ ನೋಡಿ, ಮತ್ತೇನೂ ಕೇಳದೆ ಕೈ ಎತ್ತಿದರು. ಅಷ್ಟೂ ಜನ ಆ ಹೆಸರು ಕೂಗಿದರು. ಎಲ್ಲರ ಜೊತೆ ಕೂಗಲು ನನ್ನಿಂದಾಗಲಿಲ್ಲ. ನನ್ನ ಮಗಳ ಹೆಸರನ್ನು ನಾನು ಕೇಳಿದ್ದು ಅದೇ ಮೊದಲು. ಅವರೆಲ್ಲರ ದನಿ ಅಡಗಿದ ಮೇಲೆ ಒಬ್ಬನೇ ಕೂಗಿದೆ. ಆಗ ಇವಳು ನನ್ನ ಕಡೆ ತಿರುಗಿ ಅತ್ತಳು.