ಅತ್ತೆ ಕಲಿಸಿದ ಇಂಗ್ಲಿಷ್

ನನ್ನ ಅತ್ತೆಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಸೇಲಂನ ಒಂದು ನೇಕಾರರ ಬೀದಿಯಲ್ಲಿ ಹುಟ್ಟಿ, ಅದೇ ಊರಿನ ಇನ್ನೊಂದು ನೇಕಾರರ ಬೀದಿಗೆ ಸೊಸೆಯಾಗಿ ಬಂದವರು. ಮನೆಮಾತು ಕನ್ನಡ, ಓದಿದ್ದು ತಮಿಳು, ಅದೂ ಐದನೆಯ ತರಗತಿಯವರೆಗೆ. ಆದರೂ ನನಗೆ ಇಂಗ್ಲಿಷ್ ಪದಗಳು ದಕ್ಕಿದ್ದು ಅವರ ಮಗ್ಗದ ಪಕ್ಕದಲ್ಲಿ ಕುಳಿತು.

ಮದುವೆಯಾಗಿ ಬರುವ ಹೊತ್ತಿಗೆ ನಾನು ಬ್ಯಾಂಕ್ ಪರೀಕ್ಷೆಯಲ್ಲಿ ಎರಡು ಸಲ ಫೇಲಾಗಿದ್ದೆ. ಲೆಕ್ಕ ಸಲೀಸಾಗಿ ಬರುತ್ತಿತ್ತು, ಎಡವುತ್ತಿದ್ದದ್ದು ಇಂಗ್ಲಿಷಿನಲ್ಲಿ. ಗಂಡ ಬೆಳಿಗ್ಗೆ ಮೆಟ್ಟೂರಿನ ಬಸ್ಸು ಹತ್ತಿ ಕೆಲಸಕ್ಕೆ ಹೋದರೆ ಸಂಜೆಯೇ ಬರುವುದು. ಅತ್ತೆ ನಡುಮನೆಯ ಗುಂಡಿ ಮಗ್ಗದಲ್ಲಿ ಕಾಲು ಇಳಿಬಿಟ್ಟು ನೇಯುತ್ತಿದ್ದರು. ನಾನು ಒಳಕೋಣೆಯಲ್ಲಿ ಒಂದು ದಪ್ಪ ಪುಸ್ತಕ ಹಿಡಿದು, ಪದ, ಅದರ ಅರ್ಥ, ಸಮಾನ ಪದ, ವಿರುದ್ಧ ಪದ ಎಂದು ಉರು ಹೊಡೆಯುತ್ತಿದ್ದೆ.

ಮೂರನೆಯ ದಿನ ಮಗ್ಗದ ಸದ್ದು ನಿಂತಿತು.

“ಏನಮ್ಮಾ ಅದು, ಮಂತ್ರ ಏಳ್ದಂಗೆ ಏಳ್ತಾ ಇದ್ದೀ? ಇಲ್ಲಿ ಬಂದು ಏಳು, ನಾನೂ ಕೇಳ್ತೀನಿ” ಎಂದರು ಅತ್ತೆ.

ಸಂಕೋಚದಿಂದಲೇ ಹೋಗಿ ಕುಳಿತೆ. ಆ ದಿನದ ಪದ ಸ್ಟಬರ್ನ್. ಹಟಮಾರಿ ಎಂದು ಅರ್ಥ ಹೇಳಿದೆ. ಸಮಾನ ಪದಗಳ ಸಾಲಿನಲ್ಲಿ ಫರ್ಮ್ ಎಂದೂ ಇತ್ತು, ಅದನ್ನೂ ಓದಿದೆ.

“ಎರಡೂ ಒಂದೇನಾ?”

“ಪುಸ್ತಕದಲ್ಲಿ ಅಂಗೇ ಐತೆ ಅತ್ತೆ.”

“ಅಂಗಾದ್ರೆ ಎರಡು ಯಾಕ್ ಮಾಡಿಟ್ಟವ್ರೆ? ಒಂದು ಸಾಕಾಗ್ತಿತ್ತಲ್ಲ.”

ಪುಟದ ಕೆಳಗೆ ಆ ಪದಗಳನ್ನು ಬಳಸಿ ಬರೆದಿದ್ದ ವಾಕ್ಯಗಳನ್ನು ಒಂದೊಂದಾಗಿ ಕನ್ನಡದಲ್ಲಿ ಹೇಳಿದೆ. ಅಷ್ಟು ದಿನ ನಾನು ಆ ವಾಕ್ಯಗಳನ್ನು ಬಿಟ್ಟೇ ಓದುತ್ತಿದ್ದೆ. ಅತ್ತೆ ಲಾಳಿಯನ್ನು ಕೈಯಲ್ಲೇ ಹಿಡಿದು ಕೇಳಿಸಿಕೊಂಡು, “ತಿಳೀತು ಬಿಡು” ಎಂದರು. “ನಿನ್ನ ಗಂಡ ಚಿಕ್ಕೋನಾಗಿದ್ದಾಗ ಗಂಜಿ ಬ್ಯಾಡ ಅಂತ ತಟ್ಟೆ ತಳ್ಳಿ ಬಾಗ್ಲಲ್ಲಿ ಕೂತ್ಕೊಳ್ಳೋನು. ಅದು ಸ್ಟಬರ್ನು. ಅವನ ತಾತ ಒಂದು ಮಾತು ಏಳಿದ್ರೆ ಮುಗೀತು, ಊರೇ ಬಂದ್ರೂ ಬದಲಾಯಿಸ್ತಿರಲಿಲ್ಲ. ಅದು ಫರ್ಮು.”

ಎರಡು ವರ್ಷ ಉರು ಹೊಡೆದರೂ ನನಗೆ ಹೊಳೆಯದಿದ್ದ ವ್ಯತ್ಯಾಸ ಅದು.

ಅಂದಿನಿಂದ ತಿಂಡಿ ಮುಗಿದ ಮೇಲೆ ದಿನಕ್ಕೆ ಹತ್ತು ಪದ. ಅತ್ತೆ ಬರೆದುಕೊಳ್ಳುವವರಲ್ಲ, ಎಲ್ಲವೂ ತಲೆಯಲ್ಲೇ. ಮರುದಿನ ನೇಯುತ್ತಲೇ ನನ್ನನ್ನು ಕೇಳುವರು. ನಾನು ಮರೆತಿದ್ದರೆ ಬೈಯುತ್ತಿರಲಿಲ್ಲ. “ಆ ಮೂಲೆ ಮನೆ ಅಮ್ಮ, ಯಾರ ಮನೇಲಿ ಏನು ಸಾರು, ಏನು ಕೊಳಂಬು ಅಂತ ಕೇಳ್ಕೊಂಡೇ ಓಗ್ತಾಳಲ್ಲ, ಅವಳಿಗೊಂದು ಪದ ಕೊಟ್ಟಿದ್ವಿ” ಎನ್ನುವರು. ಇನ್‌ಕ್ವಿಸಿಟಿವ್ ಎಂಬ ಪದ ತಟ್ಟನೆ ನನ್ನ ನಾಲಿಗೆಗೆ ಬರುತ್ತಿತ್ತು. ಹೀಗೆ ನಮ್ಮ ಬೀದಿಯ ಅರ್ಧ ಜನಕ್ಕೆ, ಅವರಿಗೇ ಗೊತ್ತಿಲ್ಲದೆ, ಒಂದೊಂದು ಇಂಗ್ಲಿಷ್ ಪದ ಅಂಟಿಕೊಂಡಿತು.

ವಿರುದ್ಧ ಪದಗಳಲ್ಲೂ ಅವರದು ಅದೇ ಪಟ್ಟು. ಟೈಟ್‌ಗೆ ಎದುರು ಲೂಸ್ ಎಂದಾಗ ಮಗ್ಗಕ್ಕೆ ಬಿಗಿದಿದ್ದ ಹಾಸುನೂಲನ್ನು ಬೆರಳಿನಿಂದ ಮೀಟಿದರು. “ಇದು ಸಡ್ಲ ಆದ್ರೂ ಅದೇನಾ? ರವಿಕೆ ಸಡ್ಲ ಬೇರೆ, ನೂಲು ಸಡ್ಲ ಬೇರೆ ಕಣಮ್ಮಾ. ಸರ್ಯಾಗಿ ನೋಡು.” ಹುಡುಕಿದೆ. ಎಳೆದು ಕಟ್ಟಿದ್ದು ಜೋಲು ಬಿದ್ದರೆ ಸ್ಲ್ಯಾಕ್ ಎನ್ನುತ್ತಾರೆಂದು ಇತ್ತು. ಹೇಳಿದಾಗ ಅತ್ತೆಯ ಮುಖ ಅರಳಿತು. “ಅಂಗೇಳು ಮತ್ತೆ! ಅವರಲ್ಲೂ ನೇಯೋರು ಇದ್ದಿರಬೇಕು” ಎಂದರು.

ನಾಲ್ಕೈದು ತಿಂಗಳು ಕಳೆದಿರಬೇಕು. ನಮ್ಮ ಬಟ್ಟೆ ಕೊಳ್ಳುವ ಅಂಗಡಿಯವರು ಒಂದು ಬೆಳಿಗ್ಗೆ ಉತ್ತರದ ಕಡೆಯ ಹೆಂಗಸೊಬ್ಬರನ್ನು ಕರೆತಂದರು. ಆಕೆಗೆ ತಮಿಳು ಬಾರದು. ನಾನು ಅಡುಗೆಮನೆಯಲ್ಲಿ ಕಾಫಿ ಬೆರೆಸುತ್ತಿದ್ದೆ. ಆಕೆ ಮಡಿಸಿಟ್ಟಿದ್ದ ಹತ್ತಿ ಬಟ್ಟೆಯೊಂದನ್ನು ಮುಟ್ಟಿ ನೋಡಿ, ಇದು ರಫ್ ಆಗಿದೆ ಎಂದು ಇಂಗ್ಲಿಷಿನಲ್ಲಿ ಅಂದರು. ಅಂಗಡಿಯವರು ಅದನ್ನು ತಮಿಳಿನಲ್ಲಿ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅತ್ತೆಯ ದನಿ ಕೇಳಿಸಿತು.

“ನೋ ರಫ್. ಕೋರ್ಸ್.”

ಲೋಟ ಹಿಡಿದು ಬಾಗಿಲಲ್ಲೇ ನಿಂತುಬಿಟ್ಟೆ. ರಫ್ ಎಂದರೆ ಒರಟು, ಕೋರ್ಸ್ ಎಂದರೆ ದಪ್ಪ ನೂಲಿನದು ಎಂದು ನಾವಿಬ್ಬರೂ ಮಗ್ಗದ ಪಕ್ಕದಲ್ಲೇ ಬಿಡಿಸಿಕೊಂಡಿದ್ದೆವು. ಅತ್ತೆ ಸಣ್ಣ ನೂಲಿನ ಇನ್ನೊಂದು ಬಟ್ಟೆ ತೆಗೆದು ಆಕೆಯ ಕೈಗಿಟ್ಟು, “ದಿಸ್ ಫೈನ್” ಎಂದರು. ಆಮೇಲೆ ಮೊದಲಿನ ದಪ್ಪ ನೂಲಿನ ಬಟ್ಟೆಯನ್ನು ತೋರಿಸಿ, “ವಾಷ್, ಸಾಫ್ಟ್. ಮೋರ್ ವಾಷ್, ಮೋರ್ ಸಾಫ್ಟ್” ಎಂದರು.

ಆಕೆ ಬಟ್ಟೆಯನ್ನು ಮತ್ತೊಮ್ಮೆ ಬೆರಳಲ್ಲಿ ಉಜ್ಜಿ, ನೀವು ಹೇಳಿದ್ದೇ ಸರಿ ಎಂದು ಮಗ್ಗದ ಪಕ್ಕದಲ್ಲಿ ನೆಲದ ಮೇಲೇ ಕುಳಿತರು. ಕಾಲು ಗಂಟೆ ಇಬ್ಬರೂ ಮಾತಾಡಿದರು. ಅತ್ತೆಯದು ಬರೀ ಬಿಡಿ ಪದಗಳು, ಆದರೆ ಒಂದೂ ತಪ್ಪು ಜಾಗದಲ್ಲಿ ಬೀಳಲಿಲ್ಲ. ಕೊನೆಗೆ ಆಕೆ ಆರಿಸಿಕೊಂಡದ್ದು ದಪ್ಪ ನೂಲಿನದನ್ನೇ.

ಅವರು ಹೋದ ಮೇಲೆ, “ಅಷ್ಟು ಧೈರ್ಯ ಎಲ್ಲಿಂದ ಬಂತು ಅತ್ತೆ?” ಎಂದು ಕೇಳಿದೆ.

“ಧೈರ್ಯ ಏನ್ ಬಂತು? ಅವರು ತಪ್ಪು ಏಳಿದ್ರು. ಬಟ್ಟೆಗೆ ಬಾಯಿಲ್ಲ, ನಾನು ಏಳ್ದೆ.”

ಮೂರನೆಯ ಸಲ ಪರೀಕ್ಷೆ ಬರೆದೆ. ನಿಜ ಹೇಳಬೇಕೆಂದರೆ, ನಾವು ಕಲಿತ ಪದಗಳಲ್ಲಿ ಒಂದೂ ಅದರಲ್ಲಿ ಬರಲಿಲ್ಲ. ಆದರೆ ಗೊತ್ತಿಲ್ಲದ ಪದ ಕಂಡಾಗ ಮೊದಲಿನಂತೆ ಬಿಟ್ಟು ಮುಂದೆ ಹೋಗಲಿಲ್ಲ. ಅಕ್ಕಪಕ್ಕದ ಮಾತು ನೋಡಿ, ಇದನ್ನು ಯಾವುದಕ್ಕೆ ಹೇಳಿರಬಹುದು ಎಂದು ನಿಧಾನವಾಗಿ ಯೋಚಿಸಿ ಉತ್ತರಿಸಿದೆ. ಪಾಸಾದೆ. ನಂಗವಳ್ಳಿಯ ಕಡೆ ಒಂದು ಶಾಖೆಯಲ್ಲಿ ಗುಮಾಸ್ತೆಯ ಕೆಲಸ ಸಿಕ್ಕಿತು. ಸುದ್ದಿ ಕೇಳಿ ಅತ್ತೆ ಮಗ್ಗದಿಂದ ಎದ್ದು ಕೈ ತೊಳೆದು ನನ್ನ ಬಾಯಿಗೆ ಸಕ್ಕರೆ ಹಾಕಿದರು. ಆಮೇಲೆ, “ಆ ಪುಸ್ತಕ ಯಾರ್ಗೂ ಕೊಟ್ಟುಬಿಡಬ್ಯಾಡ. ಇನ್ನೂ ಅರ್ಧ ಐತೆ” ಎಂದರು.

ಈಗ ಭಾನುವಾರ ಮಾತ್ರ ಓದುತ್ತೇವೆ. ಈಚೆಗೆ ಅಕ್ಷರವನ್ನೂ ಕಲಿಸು ಎಂದು ಅವರೇ ಕೇಳಿದರು. ಎರಡು ವಾರದಲ್ಲಿ ದೊಡ್ಡಕ್ಷರಗಳೆಲ್ಲ ಬಂದವು. ಕಳೆದ ತಿಂಗಳು ಇಬ್ಬರೂ ಬಸ್ ಸ್ಟ್ಯಾಂಡಿಗೆ ಹೋಗಿದ್ದಾಗ ಒಂದು ಟೈಲರ್ ಅಂಗಡಿಯ ಬೋರ್ಡಿನ ಮುಂದೆ ನಿಂತು, ಒಂದೊಂದೇ ಅಕ್ಷರ ಕೂಡಿಸಿ ಓದತೊಡಗಿದರು. ಅಷ್ಟರಲ್ಲಿ ನಮ್ಮ ಎರಡು ಬಸ್ಸು ಹೊರಟುಹೋದವು. ನಾನು ಅವಸರ ಮಾಡದೆ ಚೀಲ ಹಿಡಿದು ಪಕ್ಕದಲ್ಲೇ ನಿಂತಿದ್ದೆ.